ಒರೆಸುವ ಕಾರು, ಓಡಿಸುವ ಕಾರು

ಹಳೆ ಕಾರು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಇದನ್ನು ಒಪ್ಪಿಕೊಳ್ಳುವುದು ಕಾರು ಸಾಕಿದವರಿಗೇ ಕಷ್ಟ. ಬಿಸಿಲಿಗೆ ಬಣ್ಣ ಹೋದೀತು, ಗುಂಡಿಗೆ ಬಿದ್ದು ಪಟ್ಟಾ ಮುರಿದೀತು, ಸಂತೆ ದಿನ ಯಾವನೋ ಬೈಕಿನವನು ಗೀರಿಯಾನು ಎಂದು ಶೆಡ್ಡಿನೊಳಗೆ ನಿಲ್ಲಿಸಿ ಮೇಲೊಂದು ಕವರು ಹೊದಿಸುತ್ತಾರೆ. ಭಾನುವಾರ ಕವರು ತೆಗೆದು ಒರೆಸಿ, ಮತ್ತೆ ಹೊದಿಸುತ್ತಾರೆ. ಚನ್ನಗಿರಿ, ಹೊನ್ನಾಳಿ ಕಡೆ ಅಡಿಕೆ ಮನೆತನಗಳ ಹಿತ್ತಿಲಿಗೆ ಹೋದರೆ ಸಿಪ್ಪೆಗೋಟಿನ ಚೀಲಗಳ ಪಕ್ಕದಲ್ಲಿ ಹೀಗೊಂದು ಪ್ರೀಮಿಯರ್ ಪದ್ಮಿನಿಯೋ ಅಂಬಾಸಿಡರೋ ಈಗಲೂ ಕಣ್ಣಿಗೆ ಬೀಳುತ್ತದೆ. ಕನ್ನಡಿ ಹಾಗೆ ಹೊಳೆಯುತ್ತಿರುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಇಂಥ ಒಬ್ಬರಿಗೆ ನಮ್ಮ ಮೆಕ್ಯಾನಿಕ್ಕು ಮುಖದ ಮೇಲೇ ಹೇಳಿದ: ‘ನೀವು ಗಾಡಿ ಓಡ್ಸಲ್ಲ ಯಜಮಾನ್ರೇ, ಒರೆಸ್ತೀರ. ಅದಕ್ಕೇ ಹಿಂಗಾಗಿರೋದು.’

ನನ್ನದು 1991ರ ಪದ್ಮಿನಿ. ನಂಬರು ಕೆಎ–14. ಆಗ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ನಮ್ಮ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಗಿ ಹೊಸ ಗಾಡಿಗಳಿಗೆಲ್ಲ ಕೆಎ–17 ಬಂತು. ಹಾಗಾಗಿ ನಮ್ಮ ತಾಲ್ಲೂಕಿನಲ್ಲಿ ಕೆಎ–14ರ ಹಳೆ ಪ್ಲೇಟು ಕಂಡರೆ, ಅದು ಪರವೂರಿನ ಗಾಡಿಯೋ ಊರಿನ ಹಿರಿಯ ಗಾಡಿಯೋ ಎಂದು ಒಂದು ಕ್ಷಣ ನಿಂತು ನೋಡುವವರಿದ್ದಾರೆ.

ಈ ಕಾರಿನ ಹುಟ್ಟು ಇಟಲಿಯದು. ಫಿಯೆಟ್ 1100 ಮಾದರಿಯನ್ನು ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಇಲ್ಲಿ ತಯಾರಿಸಿತು. 1964ರಲ್ಲಿ ಬಂದ 1100 ಡಿಲೈಟ್, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ನಮ್ಮ ಕಡೆಯವರ ಬಾಯಲ್ಲಿ ಮಾತ್ರ ಅದು ಕೊನೆತನಕ ‘ಫಿಯೆಟ್ಟೇ’. 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂವರು ಕೂರುವ ಉದ್ದ ಸೀಟು. ಅಂಬಾಸಿಡರಿನಲ್ಲಿ ಹಿಂದೆ ಕೂರುವವನಿಗೆ ಸುಖ, ಫಿಯೆಟ್ಟಿನಲ್ಲಿ ಓಡಿಸುವವನಿಗೆ ಸುಖ. ಸ್ಟೇರಿಂಗ್ ಹಗುರ, ಸುತ್ತಲೂ ಗಾಜು, ಬಾನೆಟ್ಟಿನ ತುದಿ ಎಲ್ಲಿದೆ ಎಂದು ಕೂತಲ್ಲೇ ಕಾಣುತ್ತದೆ. ಎರಡರಿಂದ ಮೂರನೇ ಗೇರಿಗೆ ಕೈ ತಿರುಗಿಸುವಾಗ ಲಿಂಕ್ ಬುಷ್‌ಗಳು ಸರಿಯಾಗಿದ್ದರೆ ಬೆಣ್ಣೆ, ಸವೆದಿದ್ದರೆ ಅಲ್ಲೇ ಸಿಕ್ಕಿಕೊಂಡು ಹಿಂದಿನ ಲಾರಿಯವನ ಬೈಗುಳ.

ಹಳೆ ಕಾರಿನ ಆರೋಗ್ಯ ನೋಡಬೇಕಾದರೆ ಸೂಳೆಕೆರೆ ರಸ್ತೆಗೆ ಬರಬೇಕು. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ಶತಮಾನಗಳ ಹಿಂದೆ ಮಾಡಿದ ಕೆರೆ ಇದು. ಶಾಂತಿಸಾಗರವೆಂಬ ಹೆಸರೂ ಇದೆ. ಭದ್ರಾ ನಾಲೆಯ ನೀರೂ ಇದಕ್ಕೆ ಸೇರುತ್ತದೆ, ತೂಬಿನಿಂದ ಇಳಿದದ್ದು ಕೆಳಗಿನ ಗದ್ದೆ ತೋಟಗಳಿಗೆ ಹೋಗುತ್ತದೆ. ಚನ್ನಗಿರಿಯಿಂದ ಈ ದಾರಿಯಲ್ಲಿ ದಾವಣಗೆರೆಗೆ ಹೋಗುವವರು ಏರಿಯ ಮೇಲೇ ದಾಟಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಆಳ. ಎದುರಿಗೆ ಕಬ್ಬಿನ ಟ್ರ್ಯಾಕ್ಟರೋ ಖಾಸಗಿ ಬಸ್ಸೋ ಬಂದರೆ ಬ್ರೇಕು ಹಿಡಿದಾಗ ಗಾಡಿ ನೆಟ್ಟಗೆ ನಿಲ್ಲಬೇಕು, ಎಡಕ್ಕೋ ಬಲಕ್ಕೋ ಎಳೆಯಕೂಡದು.

ನಿಂತ ಕಾರು ಎಳೆಯುವುದು ಇಲ್ಲೇ. ಫಿಯೆಟ್ಟಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಪೆಡಲು ತುಳಿದಾಗ ಬ್ರೇಕ್ ಆಯಿಲ್ ಪ್ರತಿ ಚಕ್ರದ ಸಿಲಿಂಡರಿಗೆ ಹೋಗಿ ಒಳಗಿನ ಪುಟ್ಟ ಪಿಸ್ಟನ್ನನ್ನು ತಳ್ಳುತ್ತದೆ, ಆ ಪಿಸ್ಟನ್ನು ಲೈನರನ್ನು ಡ್ರಮ್ಮಿಗೆ ಒತ್ತುತ್ತದೆ. ಬ್ರೇಕ್ ಆಯಿಲ್ಲಿಗೆ ಗಾಳಿಯ ತೇವ ಹೀರುವ ಗುಣ. ಮಳೆಗಾಲ ಪೂರ್ತಿ ಗಾಡಿ ನಿಂತಿತೆಂದರೆ ಸಿಲಿಂಡರಿನೊಳಗೆ ತುಕ್ಕಿನ ಚುಕ್ಕೆ ಬಿದ್ದು ಒಂದು ಪಿಸ್ಟನ್ನು ಜಾಮ್ ಆಗುತ್ತದೆ. ಮೂರು ಚಕ್ರ ಹಿಡಿಯುತ್ತವೆ, ನಾಲ್ಕನೆಯದು ಹಿಡಿಯುವುದಿಲ್ಲ. ಅಂಗಳದಲ್ಲಿ ಹಿಂದೆ ಮುಂದೆ ಮಾಡಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಏರಿಯ ಮೇಲೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಓಡುವ ಗಾಡಿಯಲ್ಲಿ ಆ ಪಿಸ್ಟನ್ನು ಆಡುತ್ತಲೇ ಇರುವುದರಿಂದ ಈ ಕಾಟ ತೀರಾ ಕಡಿಮೆ.

ಪೆಟ್ರೋಲಿನದೂ ಇದೇ ಕತೆ. ತಿಂಗಳುಗಟ್ಟಲೆ ನಿಂತರೆ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ, ಕೆರೆಯ ಹೂಳಿನಂತೆ ಕಾರ್ಬುರೇಟರಿನ ಬಟ್ಟಲಿನ ತಳದಲ್ಲಿ ಕೂರುತ್ತದೆ. ಅಲ್ಲಿಂದ ಜೆಟ್ಟಿಗೆ ಹೋಗುತ್ತದೆ. ಜೆಟ್ ಎಂದರೆ ಬೆರಳಿನ ಉಗುರಿಗಿಂತ ಚಿಕ್ಕದಾದ ಹಿತ್ತಾಳೆ ಸ್ಕ್ರೂ, ನಡುವೆ ಸೂಜಿಮೊನೆಯಷ್ಟು ತೂತು. ಇಂಜಿನ್ನಿಗೆ ಹೋಗುವ ಪೆಟ್ರೋಲಿನ ಲೆಕ್ಕವೆಲ್ಲ ಆ ತೂತಿನಲ್ಲಿದೆ. ಅದು ಅರ್ಧ ಕಟ್ಟಿದರೆ ಗಾಡಿ ಐಡ್ಲಿಂಗಿನಲ್ಲಿ ಚೆನ್ನಾಗಿಯೇ ಇರುತ್ತದೆ, ಏರು ಸಿಕ್ಕಿದ ಕೂಡಲೇ ಕೆಮ್ಮುತ್ತದೆ. ಆಗ ಅವಸರದವರು ತಂತಿ ಹಾಕಿ ಕೆದಕುತ್ತಾರೆ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಂದಿನಿಂದ ಹೊಗೆ ಕಪ್ಪು, ಮೈಲೇಜು ಪಾತಾಳ. ಸರಿಯಾದ ಕ್ರಮ ಸುಲಭ. ಜೆಟ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿ, ಬೆಳಕಿಗೆ ಹಿಡಿದು ನೋಡುವುದು. ತೂತಿನಾಚೆಗೆ ಆಕಾಶ ದುಂಡಗೆ ಕಂಡರೆ ಕೆಲಸ ಮುಗಿಯಿತು.

ಇತ್ತೀಚೆಗೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಇ20 ಪೆಟ್ರೋಲು, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆತದ್ದು, ಈಗ ಎಲ್ಲ ಬಂಕುಗಳಿಗೂ ಬಂದಿದೆ. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಯವರು ಎಥೆನಾಲನ್ನು ಬೈಯುವಂತಿಲ್ಲ. ಆದರೆ ಫಿಯೆಟ್ಟಿನ ರಬ್ಬರು ಪೈಪು, ಪಂಪಿನ ಡಯಾಫ್ರಮ್ಮು ಆ ಕಾಲದ ಪೆಟ್ರೋಲಿಗೆಂದು ಮಾಡಿದವು. ಎಥೆನಾಲಿಗೆ ಹಳೆ ರಬ್ಬರು ಉಬ್ಬಿ ಬಿರಿಯುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ, ಆದ್ದರಿಂದ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಬೇಗ. ಇದಕ್ಕೆ ಹೆದರಿ ಗಾಡಿ ಮಾರಬೇಕಿಲ್ಲ. ಇಂಜೆಕ್ಷನ್ ಗಾಡಿಗಳಿಗೆ ಹಾಕುವ ಪೆಟ್ರೋಲ್ ಪೈಪನ್ನು ಅಳತೆ ನೋಡಿ ಹಾಕಿಸಿ, ನಡುವೆ ಒಂದು ಪಾರದರ್ಶಕ ಫಿಲ್ಟರು ಕೂರಿಸಿ. ಫಿಲ್ಟರಿನಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕು ಬಿಚ್ಚುವ ಕಾಲ ಬಂದಿದೆ ಎಂದರ್ಥ. ಮುಖ್ಯವಾಗಿ, ಹಾಕಿದ ಪೆಟ್ರೋಲನ್ನು ಸುಟ್ಟು ಮುಗಿಸಿ.

ಓಡಿಸಿದರೆ ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ತ್ಯಾವಣಿಗೆ ಕಡೆಯಿಂದ ಬರುವಾಗ ಇಂಜಿನ್ನಿನ ಕಾವಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಗಾಡಿ ನಿಂತುಬಿಡುವುದುಂಟು. ಸೆಲ್ಫು ತಿರುಗುತ್ತದೆ, ಪ್ಲಗ್ಗಿನಲ್ಲಿ ಕಿಡಿ ಇದೆ, ಪೆಟ್ರೋಲು ಮಾತ್ರ ಬರುತ್ತಿಲ್ಲ. ಬಾನೆಟ್ಟು ಎತ್ತಿ, ಮೆಕ್ಯಾನಿಕ್ಕುಗಳು ಎಸಿ ಪಂಪ್ ಎಂದು ಕರೆಯುವ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಮರದ ನೆರಳಲ್ಲಿ ಒಂದು ಟೀ ಕುಡಿದು ಬಂದರೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಡಿಕ್ಕಿಯಲ್ಲಿ ನೀರಿನ ಕ್ಯಾನೂ ಹಳೆ ಟವೆಲೂ ಇಲ್ಲದೆ ಫಿಯೆಟ್ ಹತ್ತಬೇಡಿ.

ಸುಗ್ಗಿಯ ಕಾಲದ ಕಾಟ ಬೇರೆ. ರಾಗಿ, ಹುರುಳಿ, ತೊಗರಿಯನ್ನು ಒಕ್ಕಣೆಗೆಂದು ಡಾಂಬರು ರಸ್ತೆಗೆ ಹಾಸುತ್ತಾರೆ. ಜಗಳೂರು ಕಡೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಫಿಯೆಟ್ಟಿಗೆ ಹಿಂದಿನ ಚಕ್ರದ ಎಳೆತ. ಇಂಜಿನ್ನಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಗಾಡಿಯ ಹೊಟ್ಟೆಯ ಕೆಳಗೆ ತಿರುಗುತ್ತಿರುತ್ತದೆ. ಹುರುಳಿ ಬಳ್ಳಿ ಅದಕ್ಕೆ ಸುತ್ತಿಕೊಂಡರೆ ಹಗ್ಗ ಹೊಸೆದಂತೆ ಗಟ್ಟಿಯಾಗುತ್ತ ಹೋಗುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರು ಪೈಪು. ಹುರುಳಿ ಹೊಟ್ಟಿನಿಂದ ಬೆಂಕಿ ಹತ್ತಿ ಕಾರು ಸುಟ್ಟ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿದ್ದೀರಿ. ಒಕ್ಕಣೆ ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ‘ಕ್ಲಚ್ ಪ್ಲೇಟ್ ಇರಬೇಕು’ ಎಂದು ಸಮಾಧಾನ ಮಾಡಿಕೊಳ್ಳದೆ ಕೆಳಗೆ ಬಗ್ಗಿ ನೋಡಿ. ಡಿಕ್ಕಿಯಲ್ಲಿ ಒಂದು ಕುಡುಗೋಲು ಇರಲಿ. ರೈತರಲ್ಲಿ ನನ್ನ ವಿನಂತಿಯೂ ಇದೆ: ಕಣಕ್ಕೆ ಜಾಗವಿಲ್ಲದ ಕಷ್ಟ ಗೊತ್ತು, ರಾಗಿ ಹಾಕಿದರೂ ಹುರುಳಿ ಬಳ್ಳಿಯನ್ನು ದಯವಿಟ್ಟು ರಸ್ತೆಗೆ ಹಾಕಬೇಡಿ.

ನಿಂತ ಗಾಡಿಗೆ ಬಳ್ಳಿ ಸುತ್ತಿಕೊಳ್ಳುವುದಿಲ್ಲ, ನಿಜ. ಅದಕ್ಕೆ ಇಲಿ ಬರುತ್ತದೆ. ಭತ್ತ ಕೊಯ್ದ ಮೇಲೆ ಗದ್ದೆಯ ಇಲಿ ಬೆಚ್ಚನೆಯ ಜಾಗ ಹುಡುಕಿ ಶೆಡ್ಡಿಗೆ ಬಂದು ಬಾನೆಟ್ಟಿನೊಳಗೆ ಸಂಸಾರ ಹೂಡುತ್ತದೆ. ವೈರಿಂಗು ಕಡಿದರೆ ಎಲ್ಲಿ ಕಡಿದಿದೆ ಎಂದು ಹುಡುಕುವ ಕೂಲಿಯೇ ಹೊಸ ವೈರಿನ ಬೆಲೆಗಿಂತ ಹೆಚ್ಚು. ನುಸಿಗುಳಿಗೆ, ಹೊಗೆಸೊಪ್ಪು ಎಲ್ಲ ಇಟ್ಟು ನೋಡಿದವರಿದ್ದಾರೆ. ಆಗಾಗ ಅಲುಗಾಡುವ, ಗದ್ದಲ ಮಾಡುವ ಗಾಡಿಯಲ್ಲಿ ಇಲಿ ಗೂಡು ಕಟ್ಟುವುದು ಕಡಿಮೆ ಎಂಬುದೇ ಖರ್ಚಿಲ್ಲದ ಮದ್ದು.

ಈಗ ಸಾಮಾನಿನ ಮಾತು. ಫಿಯೆಟ್ಟಿನ ಬಿಡಿಭಾಗಗಳು ಇಷ್ಟು ವರ್ಷ ಸಿಗುತ್ತಿದ್ದದ್ದು ನಮ್ಮಂಥ ಹವ್ಯಾಸಿಗಳ ಪುಣ್ಯದಿಂದಲ್ಲ, ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಗಳಿಂದ. ದಿನವೆಲ್ಲ ಓಡುವ ಸಾವಿರಾರು ಪದ್ಮಿನಿಗಳು ದಿನವೂ ಸಾಮಾನು ಬೇಡುತ್ತಿದ್ದವು, ಅದಕ್ಕೇ ಯಾರೋ ತಯಾರಿಸುತ್ತಿದ್ದರು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ, ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಇಳಿದವು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಅಂಗಡಿಯವರು ಫಿಯೆಟ್ ಎಂದ ಕೂಡಲೇ ಮೇಲಿನ ಅಟ್ಟ ನೋಡುತ್ತಾರೆ. ಸಿಕ್ಕಿದ್ದು ಹಳೆ ದಾಸ್ತಾನು, ಸಿಗದಿದ್ದರೆ ಲೇತಿನಲ್ಲಿ ಮಾಡಿಸಬೇಕು. ಇಲ್ಲಿ ದಾವಣಗೆರೆ, ಶಿವಮೊಗ್ಗದ ಹಳೆ ಮೇಸ್ತ್ರಿಗಳ ಬೆಲೆ ಗೊತ್ತಾಗುತ್ತದೆ. ಟ್ಯಾಪೆಟ್ ಸದ್ದನ್ನು ಕಿವಿಯಲ್ಲೇ ಅಳೆಯುವ, ಗರಗಸದ ಬ್ಲೇಡು ತೂರಿಸಿ ಪ್ಲಗ್ಗಿನ ಗ್ಯಾಪು ನೋಡುವ ಆ ಕೈಗಳ ಕೆಳಗೆ ಈಗ ಕಲಿಯುವ ಹುಡುಗರಿಲ್ಲ. ನಾವು ಗಾಡಿ ಹೊರಗೆ ತೆಗೆಯದಿದ್ದರೆ ಅವರಿಗೂ ಕೆಲಸವಿಲ್ಲ, ಹುಡುಗರಿಗೆ ಕಲಿಯಲು ಗಾಡಿಯೂ ಇಲ್ಲ.

ಕಾಗದಪತ್ರದ ಕಾಟಕ್ಕೆ ಒಂದು ಪ್ಯಾರಾ ಸಾಕು. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದವಕ್ಕೆ ಅದು 10,000 ಆಯಿತು. ಐದು ವರ್ಷಕ್ಕೊಮ್ಮೆ ಇದು ಇದ್ದದ್ದೇ. ಕೈಬರಹದ ಆರ್‌ಸಿ ಬುಕ್ಕಿನಲ್ಲಿ ಚಾಸಿ ನಂಬರಿನ ಒಂದು ಅಂಕೆ ಅಳಿಸಿದ್ದರೆ ಓಡಾಟ ಇನ್ನಷ್ಟು. ವಿಂಟೇಜ್ ಗಾಡಿಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಬೇರೆ ನಿಯಮ ಮಾಡಿತು. ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು. ನನ್ನದಕ್ಕೆ 2041ರವರೆಗೆ ಕಾಯಬೇಕು. ಆ ‘ವಿಎ’ ಪ್ಲೇಟು ಸಿಕ್ಕಿದ ಮೇಲೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಬಿಟ್ಟರೆ ನಿತ್ಯದ ಓಡಾಟಕ್ಕೆ ಗಾಡಿ ತೆಗೆಯುವಂತಿಲ್ಲ. ಕಾನೂನು ಕೂಡ ಹಳೆ ಕಾರನ್ನು ನಿಲ್ಲಿಸಿಯೇ ಗೌರವಿಸುತ್ತದೆ. ನಿಲ್ಲಿಸಿ ನೋಡುವ ಆಸೆಯಿದ್ದವರಿಗೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ, ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದ ಬಳಿ ಪಯಣ ಕಾರ್ ಮ್ಯೂಸಿಯಂ ಇದೆ. ಮನೆಯ ಶೆಡ್ಡು ಮ್ಯೂಸಿಯಂ ಆಗಬೇಕಿಲ್ಲ.

ನನ್ನ ಸಲಹೆ ಇಷ್ಟೇ. ವಾರಕ್ಕೊಮ್ಮೆ ಗಾಡಿ ತೆಗೆಯಿರಿ. ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವುದು ಬೇಡ, ಅದರಿಂದ ಸೈಲೆನ್ಸರಿನೊಳಗೆ ನೀರು ಕೂತು ತುಕ್ಕು ಹಿಡಿಯುವುದೇ ಲಾಭ. ಇಂಜಿನ್ನು ಪೂರ್ತಿ ಕಾಯುವಷ್ಟು ದೂರ ಹೋಗಿ, ನಾಲ್ಕೂ ಗೇರು ಹಾಕಿ, ಖಾಲಿ ರಸ್ತೆಯಲ್ಲಿ ಬ್ರೇಕು ಹಿಡಿದು ನೋಡಿ. ಹೆಚ್ಚೆಂದರೆ ಅರ್ಧ ಟ್ಯಾಂಕು ಪೆಟ್ರೋಲು ಇಡಿ, ಅದನ್ನು ಮುಗಿಸಿ ಮತ್ತೆ ಹಾಕಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಂದು ಗೀರು ಬಿದ್ದರೆ ಬೀಳಲಿ, ಬಣ್ಣ ಹೊಡೆಯುವವರು ಊರಿಗೆ ಹತ್ತು ಮಂದಿ ಇದ್ದಾರೆ, ಕಾರ್ಬುರೇಟರ್ ಬಲ್ಲವರು ಒಬ್ಬಿಬ್ಬರು. ವಯಸ್ಸಾಯಿತು, ಕೈಲಾಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ ಎನ್ನುವವರು ಗುಜರಿಗೂ ಹಾಕಬೇಡಿ, ಕವರಿನಡಿಯಲ್ಲೂ ಕೊಳೆಸಬೇಡಿ. ನಿಮ್ಮೂರಿನಲ್ಲೇ ಓಡಿಸುವ ಹುಚ್ಚಿರುವ ಹುಡುಗನೊಬ್ಬ ಇರುತ್ತಾನೆ. ಆರ್‌ಸಿ ಬುಕ್ಕು ಸರಿ ಮಾಡಿಸಿ, ಅವನ ಕೈಗೆ ಕೀಲಿ ಕೊಡಿ.