ಚೋಮ ಬೇಕು, ಗುರುವ ಬೇಡ

"ಈಗಿನ ಹುಡುಗರು ಮೈ ಬಗ್ಗಿಸೋದಿಲ್ಲ ಕಣ್ರೀ. ಅಕ್ಕಿ ಪುಕ್ಕಟೆ, ದುಡ್ಡು ಪುಕ್ಕಟೆ, ಇನ್ನು ಕೂಲಿಗೆ ಯಾಕೆ ಬರ್ತಾರೆ?" ಈ ಮಾತು ಕೇಳಿಬರದ ಹಳ್ಳಿ ನಮ್ಮಲ್ಲಿ ಈಗ ಇರಲಾರದು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ ಇದು ಜಗಲಿಯಿಂದ ಎದ್ದು ಸಭೆ ಸಮಾರಂಭಗಳ ವೇದಿಕೆಗೂ ಬಂತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿಯ ಹಣ ಹಂಚಲು ಶುರು ಮಾಡಿದಾಗ ಇದಕ್ಕೆ ಇನ್ನಷ್ಟು ಕಸುವು ಸಿಕ್ಕಿತು. 2025ರ ಫೆಬ್ರವರಿಯಲ್ಲಿ, ನಗರಗಳಲ್ಲಿ ಸೂರಿಲ್ಲದೆ ಬದುಕುವವರ ಮೊಕದ್ದಮೆಯ ವಿಚಾರಣೆ ನಡೆಸುತ್ತಿದ್ದ ಸುಪ್ರೀಂ ಕೋರ್ಟಿನ ಪೀಠವೊಂದು, ಉಚಿತ ಯೋಜನೆಗಳಿಂದಾಗಿ ಜನ ಕೆಲಸ ಮಾಡಲು ಒಪ್ಪುತ್ತಿಲ್ಲ, ನಾವು ಪರಾವಲಂಬಿಗಳ ಒಂದು ವರ್ಗವನ್ನೇ ಸೃಷ್ಟಿಸುತ್ತಿಲ್ಲವೇ ಎಂಬರ್ಥದ ಮಾತಾಡಿತು. ಆ ಪೀಠದ ನೇತೃತ್ವ ವಹಿಸಿದ್ದವರು ಬಿ.ಆರ್. ಗವಾಯಿ. ಅದೇ ವರ್ಷ ಭಾರತದ ಮುಖ್ಯ ನ್ಯಾಯಮೂರ್ತಿಯಾದವರು, ಆ ಸ್ಥಾನಕ್ಕೆ ಬಂದ ಎರಡನೆಯ ದಲಿತರು.

ಆದ್ದರಿಂದ ಇದನ್ನು ಬರೀ ಗೌಡರ ಜಗಲಿಯ ಮಾತು ಎಂದು ತಳ್ಳಿಹಾಕಿ ಕೂರುವಂತಿಲ್ಲ. ನಮ್ಮವರ ಬಾಯಲ್ಲೂ ಇದು ಇದೆ. ಸಂಬಳದ ಕೆಲಸ ಹಿಡಿದು ಪಟ್ಟಣ ಸೇರಿದವನು ಊರಿಗೆ ಬಂದಾಗ ಕೇರಿಯ ಹುಡುಗರನ್ನು ನೋಡಿ ಆಡುವ ಮಾತೂ ಇದೇ.

ಇದು ಅರ್ಥಶಾಸ್ತ್ರದವರಿಗೆ ಬಿಟ್ಟ ವಿಷಯ, ಸಾಹಿತ್ಯ ವಿಮರ್ಶೆಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಕೆಲಸ ಇದೆ. ಯಾವ ದಲಿತನನ್ನು ಕಂಡು ಮರುಗಬೇಕು, ಯಾವನನ್ನು ಕಂಡು ಸಿಡುಕಬೇಕು ಎಂಬ ಪಾಠವನ್ನು ಓದುಬಲ್ಲ ಕನ್ನಡಿಗನಿಗೆ ಕಲಿಸಿದ್ದರಲ್ಲಿ ನಮ್ಮ ಕಾದಂಬರಿಗಳ ಪಾಲು, ಅವುಗಳನ್ನು ನಾವು ಓದಿದ ರೀತಿಯ ಪಾಲು ದೊಡ್ಡದು.

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮನ ಆಸೆ ಏನು? ಒಂದು ತುಂಡು ಗದ್ದೆ ಬೇಕು, ತಾನೇ ಆರು ಕಟ್ಟಿ ಉಳಬೇಕು. ಎತ್ತು ಅವನ ಹತ್ತಿರ ಇವೆ, ತೋಳಲ್ಲಿ ಬಲ ಇದೆ. ಒಡೆಯ ಸಂಕಪ್ಪಯ್ಯನಿಗೆ ಮನಸ್ಸಿಲ್ಲವೆಂದಲ್ಲ, ಆದರೆ ಹೊಲೆಯನಿಗೆ ಭೂಮಿ ಕೊಡುವುದೆಂದರೇನು ಎಂದು ಅವನ ತಾಯಿ ಅಡ್ಡ ನಿಲ್ಲುತ್ತಾಳೆ. ಅಂದರೆ ಕನ್ನಡದ ಅತಿ ಪ್ರಸಿದ್ಧ ದಲಿತ ಪಾತ್ರದ ದುರಂತವೇ ಇದು: ದುಡಿಯುತ್ತೇನೆ ಎಂದು ಹಟ ಹಿಡಿದವನಿಗೆ ದುಡಿಮೆ ಸಿಗದೆ ಹೋದದ್ದು. 'ಇವರಿಗೆ ದುಡಿಯುವ ಮನಸ್ಸಿಲ್ಲ' ಎನ್ನುವವರು ಈ ಪುಸ್ತಕವನ್ನು ಶಾಲೆ ಕಾಲೇಜಿನಲ್ಲಿ ಓದಿದವರೇ. ಓದಿ ಕಣ್ಣೀರು ಹಾಕಿದವರೇ.

ಈ ವೈರುಧ್ಯ ಹೇಗೆ ಸಾಧ್ಯವಾಯಿತು? ಚೋಮ ಬೇಡುತ್ತಾನೆ. ಬೇಡಿ, ಸೋತು, ಮನೆಗೆ ಬಂದು ದುಡಿ ಬಾರಿಸುತ್ತಾನೆ, ಕೊನೆಗೆ ಸಾಯುತ್ತಾನೆ. ಇಂಥ ದಲಿತನನ್ನು ಪ್ರೀತಿಸುವುದು ಓದುಗನಿಗೆ ಸುಲಭ. ಆದರೆ ಅದೇ ಕಾದಂಬರಿಯಲ್ಲಿ ಗುರುವ ಇದ್ದಾನೆ, ಚೋಮನ ಮಗ. ಸಾಲ ತೀರಿಸಲು ಅಣ್ಣ ಚನಿಯನ ಜೊತೆ ಕಾಫಿ ತೋಟಕ್ಕೆ ಹೋದವನು. ಚನಿಯ ಜ್ವರ ಹೊತ್ತು ಬಂದು ಸತ್ತ. ಗುರುವ ಕ್ರೈಸ್ತರ ಹುಡುಗಿಯೊಬ್ಬಳನ್ನು ಮೆಚ್ಚಿ, ಆ ಮತಕ್ಕೆ ಸೇರಿ, ಅಪ್ಪನ ಗುಡಿಸಲನ್ನೂ ಅಪ್ಪನ ಸಾಲವನ್ನೂ ಬಿಟ್ಟು ಅಲ್ಲೇ ಉಳಿದುಬಿಟ್ಟ. ನಮ್ಮ ತರಗತಿಗಳಲ್ಲಿ ಚೋಮನ ಬಗ್ಗೆ ಕೇಳುವಷ್ಟು ಪ್ರಶ್ನೆ ಗುರುವನ ಬಗ್ಗೆ ಕೇಳುವುದಿಲ್ಲ. ಕೇಳಿದರೂ ಅವನು ಅಪ್ಪನ ದುಃಖಕ್ಕೆ ಇನ್ನೊಂದು ಕಾರಣ, ಅಷ್ಟೆ. ಅವನು ಒಂದು ತೀರ್ಮಾನ ಮಾಡಿದ್ದಾನೆ, ಹೆತ್ತವರ ಸಾಲಕ್ಕೆ ಮಗನ ಮೈ ಅಡವಿಡುವ ವ್ಯವಸ್ಥೆಯಿಂದ ಎದ್ದು ಹೋಗಿದ್ದಾನೆ ಎಂದು ಅವನನ್ನು ಓದಿದ್ದು ಕಡಿಮೆ.

ಇವತ್ತು ಊರಿನ ಸಿಟ್ಟೆಲ್ಲ ಇರುವುದು ಗುರುವನ ಮೇಲೆ. ಡಿಗ್ರಿ ಮಾಡಿಕೊಂಡು, ಗದ್ದೆಗೆ ಕರೆದರೆ ಬರದೆ, ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲು ಹಿಡಿದು ನಿಂತಿರುತ್ತಾನಲ್ಲ, ಅವನ ಮೇಲೆ. ಅವನು ಹೋಟೆಲಿನಲ್ಲಿ ಲೋಟ ತೊಳೆಯಲು ಬೆಂಗಳೂರಿಗೆ ಹೋದರೆ ಯಾರೂ ಸೋಮಾರಿ ಎನ್ನುವುದಿಲ್ಲ, ಊರು ಬಿಟ್ಟ ಎನ್ನುತ್ತಾರೆ. ಊರಲ್ಲೇ ಇದ್ದು, ಕರೆದ ಹೊಲಕ್ಕೆ ಬರಲಿಲ್ಲ ಎಂದರೆ ಸೋಮಾರಿ. ಹಾಗಾದರೆ ಈ ಬೈಗುಳದ ಗುರಿ ಅವನ ಮೈಗಳ್ಳತನವೋ, ಇಲ್ಲ ಕರೆದವರ ಹೊಲಕ್ಕೆ ಆದ ನಷ್ಟವೋ?

ಸಿದ್ಧಲಿಂಗಯ್ಯನವರ 'ಊರು ಕೇರಿ'ಯ ಆರಂಭದಲ್ಲೇ ಒಂದು ನೋಟ ಇದೆ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಹೊಲ ಉಳುತ್ತಿದ್ದಾರೆ, ಅವರಲ್ಲಿ ಒಬ್ಬ ಲೇಖಕರ ತಂದೆ. ಅದನ್ನು ನೋಡಿದ ಮಗ ಮುಂದೆ ಆ ಹೊಲಕ್ಕೆ ಹೋಗಲಿಲ್ಲ, ಓದಲು ಹೋದ. ದುಡಿಮೆಯ ಘನತೆಯ ಬಗ್ಗೆ ಭಾಷಣ ಮಾಡುವವರು ಈ ನೊಗವನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು. ಅಲ್ಲಿ 'ಕೆಲಸ ಮಾಡುವ ಮನಸ್ಸು' ಎಂಬ ಪ್ರಶ್ನೆಯೇ ಏಳುವುದಿಲ್ಲ. ಎತ್ತಿನ ಮನಸ್ಸನ್ನು ಯಾರು ಕೇಳುತ್ತಾರೆ?

ಅರವಿಂದ ಮಾಲಗತ್ತಿಯವರ ಆತ್ಮಕತೆ 1994ರಲ್ಲಿ ಬಂತು. ಅದರ ಹೆಸರು 'ಗೌರ್ಮೆಂಟ್ ಬ್ರಾಹ್ಮಣ'. ಸರ್ಕಾರದ ಸವಲತ್ತು ಪಡೆಯುವ ದಲಿತರನ್ನು ಆಡಿಕೊಳ್ಳುವ ಮಾತನ್ನೇ ಅವರು ಪುಸ್ತಕದ ತಲೆಗೆ ಕಟ್ಟಿದರು. ಗಮನಿಸಿ, ಆಗ ಅನ್ನಭಾಗ್ಯವೂ ಇರಲಿಲ್ಲ, ಯುವನಿಧಿಯೂ ಇರಲಿಲ್ಲ. ಇದ್ದದ್ದು ಸ್ಕಾಲರ್‌ಶಿಪ್ಪು, ಹಾಸ್ಟೆಲಿನ ಊಟ, ಮೀಸಲಾತಿ. ಯೋಜನೆ ಬದಲಾಗಿದೆ, ಆಡಿಕೊಳ್ಳುವ ಮಾತು ಅದೇ ಇದೆ. ಆದ್ದರಿಂದ ಈ ಮಾತಿನ ಹುಟ್ಟನ್ನು ಯೋಜನೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹುಟ್ಟು ಎಲ್ಲಿದೆ? ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಜಾತಿಯನ್ನು ಶ್ರಮದ ವಿಭಜನೆ ಎಂದು ಸಮರ್ಥಿಸುವವರಿಗೆ ಅವರು ಹೇಳಿದ್ದು, ಇದು ಶ್ರಮಿಕರನ್ನೇ ಮೇಲು ಕೀಳೆಂದು ಒಡೆದಿಟ್ಟ ಏರ್ಪಾಡು ಎಂದು. ಇದನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಎರಡು ಮಾತನ್ನು ಮಾತ್ರ ಮರೆಯುತ್ತೇವೆ. ಕಸುಬು ಬದಲಿಸಲು ಬಿಡದ ಕಾರಣ ಜಾತಿಯೇ ನಿರುದ್ಯೋಗಕ್ಕೆ ನೇರ ಕಾರಣವಾಗುತ್ತದೆ ಎಂಬುದು ಒಂದು. ಹೀನವೆಂದು ಹಣೆಪಟ್ಟಿ ಹಚ್ಚಿದ ಕಸುಬಿನಲ್ಲಿ ಸಿಕ್ಕಿಕೊಂಡವನಿಗೆ ಆ ಕೆಲಸದ ಬಗ್ಗೆ ಹೇಸಿಗೆ ಹುಟ್ಟುತ್ತದೆ, ಅದರಿಂದ ತಪ್ಪಿಸಿಕೊಳ್ಳಬೇಕೆಂಬ ತುಡಿತ ಸದಾ ಇರುತ್ತದೆ ಎಂಬುದು ಇನ್ನೊಂದು. ದುಡಿಯುವ ಮನಸ್ಸು ಯಾಕೆ ಮುರಿಯುತ್ತದೆ ಎಂಬುದಕ್ಕೆ ನಮ್ಮಲ್ಲಿ ಸಿಕ್ಕಿರುವ ಪ್ರಾಮಾಣಿಕ ವಿವರಣೆ ಇದು. ಪುಕ್ಕಟೆ ಅಕ್ಕಿ ಬರುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಬರೆದದ್ದು.

ಅವಲಂಬನೆಯ ಚರಿತ್ರೆಯನ್ನೂ ಹೀಗೇ ನೋಡಬೇಕು. ಮುಂಬಯಿ ಪ್ರಾಂತ್ಯದಲ್ಲಿ ಮಹಾರರ ವತನ ಪದ್ಧತಿಯ ವಿರುದ್ಧ ಅಂಬೇಡ್ಕರ್ 1928ರಲ್ಲಿ ಶಾಸನಸಭೆಯಲ್ಲಿ ಮಸೂದೆ ತಂದರು. ಬೆಳಗಾವಿ, ಧಾರವಾಡ, ಬಿಜಾಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ವತನದಾರ ಹಗಲು ರಾತ್ರಿ ಎನ್ನದೆ ಊರಿನ, ಸರ್ಕಾರದ ಚಾಕರಿಗೆ ಸಿದ್ಧನಿರಬೇಕು. ಪ್ರತಿಫಲದ ಬಹುಪಾಲು ರೈತರ ಕಣದಲ್ಲಿ ಕೈಯೊಡ್ಡಿ ಪಡೆಯಬೇಕಾದ ಕಾಳು. ಹಳೇ ಮೈಸೂರಿನ ತೋಟಿಯ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಇಲ್ಲಿ ಒಂದು ಹುನ್ನಾರ ಇದೆ. ದುಡಿದದ್ದಕ್ಕೆ ಕೊಡುವ ಕೂಲಿಯನ್ನೇ ಭಿಕ್ಷೆಯ ರೂಪದಲ್ಲಿ ಕೊಡುವುದು, ಪಡೆದವನು ಋಣಿಯಾಗಿರುವಂತೆ ಮಾಡುವುದು. ಆ ಅವಲಂಬನೆಯನ್ನು ಯಾರೂ ಅವಲಂಬನೆ ಎನ್ನಲಿಲ್ಲ, ಸಂಪ್ರದಾಯ ಎಂದರು. ಈಗ ಕಾಳು ರೇಷನ್ ಅಂಗಡಿಯಿಂದ ಬರುತ್ತದೆ, ದುಡ್ಡು ಬ್ಯಾಂಕಿಗೆ ಬರುತ್ತದೆ. ಯಾರ ಕಣದ ಮುಂದೆಯೂ ನಿಲ್ಲಬೇಕಾಗಿಲ್ಲ. ಇದಕ್ಕೆ ಮಾತ್ರ ಅವಲಂಬನೆ ಎಂಬ ಹೆಸರು!

ಲೆಕ್ಕವನ್ನೂ ನೋಡೋಣ. ಪದವಿ ಮುಗಿದು 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ, ಕೆಲಸ ಸಿಕ್ಕಿದರೆ ಬಂದ್: ಇದು ಯುವನಿಧಿಯ ನಿಯಮ. ಅಂದರೆ ಪದವೀಧರನಿಗೆ ದಿನಕ್ಕೆ 100 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370. ನೂರು ರೂಪಾಯಿಗಾಗಿ ಮುನ್ನೂರೆಪ್ಪತ್ತನ್ನು ಬಿಡುವವನು ಸೋಮಾರಿಯಾಗಿರಲಾರ, ಬೇರೆ ಏನನ್ನೋ ಲೆಕ್ಕ ಹಾಕುತ್ತಿರಬೇಕು. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ಬಡದೇಶಗಳ ಏಳು ನಗದು ಯೋಜನೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಹಣ ಪಡೆದವರು ದುಡಿಮೆ ಬಿಟ್ಟರು ಎನ್ನುವುದಕ್ಕೆ ಆಧಾರ ಸಿಗಲಿಲ್ಲ.

ಇನ್ನು 2005ರ ಉದ್ಯೋಗ ಖಾತರಿ ಕಾಯ್ದೆ. ಅಲ್ಲಿ ಜನ ಕೇಳಿದ್ದು ಕೆಲಸವನ್ನೇ. ಆದರೂ ಅದು ಬಂದಾಗಿನಿಂದ 'ಕೂಲಿಯವರು ಸಿಗುತ್ತಿಲ್ಲ' ಎಂಬ ದೂರು ನಿಲ್ಲಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಬದಲಿಗೆ ಒಪ್ಪಿದ ಹೊಸ ಕಾಯ್ದೆ 125 ದಿನದ ಕೆಲಸ ಎನ್ನುತ್ತದೆ, ಜೊತೆಗೇ ಬಿತ್ತನೆ ಮತ್ತು ಕೊಯ್ಲಿನ ಹಂಗಾಮಿನಲ್ಲಿ ಒಟ್ಟು 60 ದಿನ ಈ ಕೆಲಸಗಳನ್ನು ನಡೆಸಬಾರದು ಎಂದೂ ಹೇಳುತ್ತದೆ. ಕೂಲಿ ಕೇಳಿ ಪಡೆಯುವ ಶಕ್ತಿ ಇರುವ ದಿನಗಳಲ್ಲೇ ಬಾಗಿಲು ಮುಚ್ಚುವ ಏರ್ಪಾಡು. ದುಡಿಯುವ ಮನಸ್ಸಿದ್ದರೆ ಸಾಲದು, ಕರೆದವರ ಹೊಲದಲ್ಲಿ ಕರೆದವರ ದರಕ್ಕೆ ದುಡಿಯುವ ಮನಸ್ಸೇ ಬೇಕು ಎಂದಾಯಿತು.

ಇಷ್ಟು ಹೇಳಿ ಮುಗಿಸಿದರೆ ನಮ್ಮ ವಿಮರ್ಶೆ ಅರ್ಧಕ್ಕೆ ನಿಂತ ಹಾಗೆ. ಎದುರಾಳಿಗೆ ಉತ್ತರ ಕೊಡುವುದರಲ್ಲೇ ದಲಿತ ವಿಮರ್ಶೆ ತೃಪ್ತಿಪಟ್ಟುಕೊಳ್ಳಬಾರದು. ಕೇರಿಯ ಒಳಗಿನ ಎರಡು ಪ್ರಶ್ನೆ ಉಳಿದಿವೆ.

ಮೊದಲನೆಯದು ದುಡ್ಡು ಎಲ್ಲಿಂದ ಬಂತು ಎಂಬುದು. ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ಅವರಿಗೇ ತೆಗೆದಿಡಬೇಕೆಂದು ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. ಹೋರಾಟದಿಂದ ಬಂದ ಕಾಯ್ದೆ ಅದು. ಆ ಪಾಲಿನಿಂದಲೇ ಗ್ಯಾರಂಟಿಗಳಿಗೆ 2023-24ರಲ್ಲಿ ಸುಮಾರು 11 ಸಾವಿರ ಕೋಟಿ, 2024-25ರಲ್ಲಿ 14 ಸಾವಿರ ಕೋಟಿಗೂ ಮಿಕ್ಕು ಹಣ ತೆಗೆದಿಟ್ಟರು. ಫಲಾನುಭವಿಗಳು ದಲಿತರೇ ತಾನೆ ಎಂಬುದು ಸರ್ಕಾರದ ಸಮಜಾಯಿಷಿ. ಎಲ್ಲರಿಗೂ ಕೊಡುವುದನ್ನು ನಮಗೆ ಮಾತ್ರ ನಮ್ಮ ಗಂಟಿನಿಂದ ಕೊಟ್ಟು, ಮೇಲೆ ಸೋಮಾರಿಗಳು ಎಂಬ ಬಿರುದನ್ನೂ ಕೊಡುವುದು ಯಾವ ನ್ಯಾಯ? ಭೂಮಿ ಕೊಳ್ಳಲು, ಕೊಳವೆಬಾವಿಗೆ, ಹಾಸ್ಟೆಲಿಗೆ, ತರಬೇತಿಗೆ ಹೋಗಬೇಕಾದ ಹಣ ತಿಂಗಳ ಖರ್ಚಾಗಿ ಕರಗಿದರೆ, ಎರಡು ವರ್ಷ ಮುಗಿದ ಮೇಲೆ ಆ ಹುಡುಗ ಮತ್ತೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾನೆ. ಚೋಮ ಕೇಳಿದ್ದು ಗದ್ದೆ. ಅಕ್ಕಿ ಕೊಟ್ಟವರು ಗದ್ದೆಯ ಮಾತು ಎತ್ತುತ್ತಿಲ್ಲ ಎಂಬುದನ್ನು ನಾವು ಮರೆಯಬಾರದು.

ಎರಡನೆಯದು ಇದಕ್ಕಿಂತ ಕಷ್ಟದ್ದು. ಗುರುವ ಎದ್ದು ಹೋದ, ಸರಿ. ಸಾಲ ಎಲ್ಲಿ ಹೋಯಿತು? ಅದು ಬೆಳ್ಳಿಯ ತಲೆಗೆ ಬಂತು. ತೋಟಕ್ಕೆ ಹೋದ ಬೆಳ್ಳಿ, ತೋಟದ ಧಣಿಗೆ ತನ್ನ ಮೈ ತೆತ್ತ ಮೇಲೆ ಆ ಸಾಲ ವಜಾ ಆಗುತ್ತದೆ. ಮಗನ ನಿರಾಕರಣೆಯ ಬೆಲೆಯನ್ನು ಮಗಳು ಕೊಟ್ಟಳು. ಇವತ್ತು ನಮ್ಮ ಕೇರಿಗಳಲ್ಲಿ ಪರೀಕ್ಷೆಯ ಪುಸ್ತಕ ಹಿಡಿದು ಮಗ ವರ್ಷಗಟ್ಟಲೆ ಕಾಯುತ್ತಾನೆ, ಅವನ ಅವ್ವ ಬೆಳಿಗ್ಗೆ ಆರಕ್ಕೇ ಆಟೋ ಹತ್ತಿ ಶುಂಠಿ ಹೊಲಕ್ಕೋ ಗಾರ್ಮೆಂಟ್ಸಿಗೋ ಹೋಗುತ್ತಾಳೆ. ಅವಳಿಗೆ 'ಮನಸ್ಸಿದೆಯಾ' ಎಂದು ಸರ್ಕಾರವೂ ಕೇಳಲಿಲ್ಲ, ಕೋರ್ಟೂ ಕೇಳಲಿಲ್ಲ, ಮಗನೂ ಕೇಳಲಿಲ್ಲ. ಮಗನ ಕಾಯುವಿಕೆಯಲ್ಲಿ ಸ್ವಾಭಿಮಾನ ಇದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ಸ್ವಾಭಿಮಾನಕ್ಕೆ ಅನ್ನ ಹಾಕುತ್ತಿರುವುದು ಅವ್ವನ ಕೂಲಿ.

ನಮ್ಮ ವಿಮರ್ಶೆ ಇಲ್ಲಿಯವರೆಗೆ ದುಡಿದು ಸತ್ತವರ ನೋವನ್ನು ಓದಲು ಕಲಿತಿದೆ. ಒಲ್ಲೆ ಎಂದು ಎದ್ದು ಹೋದವನನ್ನು ಓದುವುದನ್ನು ಈಗ ಕಲಿಯಬೇಕು. ಓದುವಾಗ ಅವನನ್ನು ಹೀರೋ ಮಾಡಿ ಕೂರಿಸದೆ, ಅವನು ಬಿಟ್ಟುಹೋದ ಹೊರೆ ಯಾರ ತಲೆಯ ಮೇಲಿದೆ ಎಂದು ಕೇಳಬೇಕು. ಜಗಲಿಯ ಮೇಲೆ ಕೂತವರಿಗೆ ಹೇಳಬೇಕಾದ್ದು ಇಷ್ಟೆ: ನಿಮ್ಮ ಹೊಲಕ್ಕೆ ಬರದಿರುವುದು ಸೋಮಾರಿತನ ಅಲ್ಲ. ಕೇರಿಯ ತಮ್ಮಂದಿರಿಗೆ ಹೇಳಬೇಕಾದ್ದೂ ಇದೆ: ನಿಮ್ಮದೇ ಪಾಲಿನ ದುಡ್ಡಿನ ಲೆಕ್ಕ ಕೇಳಲು, ಗದ್ದೆ ಕೇಳಲು, ಖಾಲಿ ಬಿದ್ದ ಹುದ್ದೆ ಕೇಳಲು ತಾಲ್ಲೂಕು ಕಚೇರಿಯ ಮುಂದೆ ಸಾಲು ನಿಲ್ಲುವುದೂ ಒಂದು ದುಡಿಮೆಯೇ. ಅದಕ್ಕಾದರೂ ನಾಳೆ ಬೆಳಿಗ್ಗೆ ಅವ್ವ ಆಟೋ ಹತ್ತುವ ಹೊತ್ತಿಗೇ ಏಳಬೇಕು.