ನೋಟಿಸಿಲ್ಲದ ಕೆ.ಜಿ.ಎಫ್.

ಪ್ರಶಾಂತ್ ನೀಲ್ ಅವರ 'ಕೆ.ಜಿ.ಎಫ್.' ಚಿತ್ರದ ಮೊದಲ ಭಾಗ 2018ರ ಡಿಸೆಂಬರಿನಲ್ಲಿ ಬಂದಾಗ ಎಲ್ಲರಂತೆ ನಾವೂ ನೋಡಿದೆವು, ಸೀಟಿ ಹೊಡೆಯುವವರ ನಡುವೆ ಕುಳಿತು. ಕನ್ನಡದ ಸಿನಿಮಾವೊಂದು ಇಡೀ ದೇಶವನ್ನು ಥಿಯೇಟರಿಗೆ ಎಳೆದದ್ದು ಸಣ್ಣ ಮಾತಲ್ಲ. ಕೆಲವು ದಿನಗಳ ಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೊರಟ ರೈಲಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆವು. ನಂದಿದುರ್ಗ ಗಣಿಯಲ್ಲಿ ದುಡಿದವರು. ಅವರ ಅಪ್ಪನೂ ಅಲ್ಲೇ ದುಡಿದವರು. ಸಿನಿಮಾ ಹೇಗಿತ್ತು ಎಂದು ಕೇಳಿದ್ದಕ್ಕೆ, "ಪಡಂ ಚೆನ್ನಾಗಿದೆ ಭಾಯ್. ಆದ್ರೆ ಅಷ್ಟು ಜನ ಕೆಲಸ ಮಾಡ್ತಾರಲ್ಲ, ಒಂದ್ಸಲನಾದ್ರೂ ಸಂಬಳದ ದಿನ ಬರ್ಲೇ ಇಲ್ಲ!" ಎಂದು ನಕ್ಕರು.

ಅವರು ತಮಾಷೆಗೆ ಹೇಳಿದ್ದನ್ನು ನಾವು ವಿಮರ್ಶೆಯಾಗಿ ತೆಗೆದುಕೊಂಡಿದ್ದೇವೆ.

ಚಿತ್ರದ ಗಣಿಯ ಹೆಸರು ನರಾಚಿ. ಸುತ್ತಲೂ ಗೋಡೆ, ಬಂದೂಕು ಹಿಡಿದ ಕಾವಲು, ಒಳಗೆ ಗುಲಾಮರು. ಅವರಿಗೆ ಸಂಬಳವಿಲ್ಲ, ಸಂಘವಿಲ್ಲ, ಭವಿಷ್ಯನಿಧಿಯಂತೂ ದೂರದ ಮಾತು. ಬೊಂಬಾಯಿಯಿಂದ ಬರುವ ರಾಕಿ ಕೊಡಲಿ ಎತ್ತುವವರೆಗೆ ಅವರು ಕಾಯುತ್ತಾರೆ. ಇದು ಕಟ್ಟುಕಥೆಯಲ್ಲವೆ, ಇತಿಹಾಸವನ್ನೇಕೆ ಕೇಳುತ್ತೀರಿ ಎನ್ನಬಹುದು. ಕಥೆ ಬರೆಯುವ ನಮಗೆ ಕಟ್ಟುಕಥೆಯ ಮೇಲೆ ಯಾವ ತಕರಾರೂ ಇಲ್ಲ. ಆದರೆ ಒಂದು ಊರಿನ ಹೆಸರನ್ನು ಎರವಲು ಪಡೆದ ಮೇಲೆ ಆ ಊರಿನಿಂದ ಏನನ್ನು ಬಿಟ್ಟುಬಂದಿರಿ ಎಂದು ಕೇಳುವ ಹಕ್ಕು ಓದುಗನಿಗೂ ನೋಡುಗನಿಗೂ ಇದ್ದೇ ಇದೆ.

ಬಿಟ್ಟುಬಂದದ್ದು ಕಾರ್ಮಿಕನನ್ನು. ಗುಲಾಮನನ್ನು ಕಂಡರೆ ಕನಿಕರ ಹುಟ್ಟುತ್ತದೆ. ಕಾರ್ಮಿಕನ ವಿಷಯ ಹಾಗಲ್ಲ, ಅವನಿಗೆ ಲೆಕ್ಕ ಕೊಡಬೇಕಾಗುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೈಹಾಕಿದ ಈ ನೆಲಕ್ಕೆ ಉತ್ತರ ಆರ್ಕಾಟಿನ ಕಡೆಯಿಂದ ಬಂದವರಲ್ಲಿ ಹೆಚ್ಚಿನವರು ದಲಿತರು. ಕಂಪೆನಿ ಅವರನ್ನು ತಗಡಿನ, ತಡಿಕೆಯ ಲೈನು ಮನೆಗಳಲ್ಲಿ ತುಂಬಿತು. ಅದೇ ಜನ 1930ರಲ್ಲಿ, ಎಲ್ಲರೂ ಬೆರಳಚ್ಚು ಒತ್ತಬೇಕೆಂಬ ಆದೇಶ ಬಂದಾಗ, ನಾವೇನು ಕಳ್ಳರೇ ಎಂದು ಕೆಲಸ ನಿಲ್ಲಿಸಿದರು. ಆಗ ಅವರಿಗೆ ಹೇಳಿಕೊಳ್ಳುವಂಥ ಸಂಘವೂ ಇರಲಿಲ್ಲ. ಇದಕ್ಕಿಂತ ದೊಡ್ಡ ದೃಶ್ಯ ಯಾವ ಚಿತ್ರಕಥೆಗಾರನಿಗೆ ಬೇಕು? ಆದರೆ ಅಲ್ಲಿ ನಾಯಕ ಒಬ್ಬನಲ್ಲ, ಸಾವಿರಾರು ಜನ. ನಮ್ಮ ಸಿನಿಮಾಕ್ಕೆ ಅದೇ ಕಷ್ಟ.

ಇನ್ನು ಖಳನಾಯಕನ ವಿಚಾರ. ನರಾಚಿಯ ಗರುಡನಿಗೆ ಮುಖವಿದೆ, ಕುತ್ತಿಗೆಯಿದೆ. ಕತ್ತರಿಸಿದರೆ ಕಥೆ ಮುಗಿಯಿತು. ನಿಜವಾದ ಗಣಿಯನ್ನು ಮುಚ್ಚಿದವರಿಗೆ ಯಾವ ಮುಖ? 1956ರಲ್ಲಿ ಗಣಿಗಳು ಮೈಸೂರು ಸರಕಾರದ ಪಾಲಾದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾಯಿತು. ಕೇಂದ್ರ ಸರಕಾರ ಹಲವು ವರ್ಷ ಈ ಚಿನ್ನವನ್ನು ಪೇಟೆಯ ಬೆಲೆಗಲ್ಲ, ಅದಕ್ಕಿಂತ ತೀರ ಕಡಿಮೆಯ ಅಂತರರಾಷ್ಟ್ರೀಯ ಅಧಿಕೃತ ದರಕ್ಕೆ ತೆಗೆದುಕೊಂಡಿತು. ಹಾಗೆ ತೆಗೆದುಕೊಂಡವರೇ ಮುಂದೆ ನಷ್ಟದ ಲೆಕ್ಕ ಓದಿದರು. ಅದಿರಿನಲ್ಲಿ ಚಿನ್ನದ ಅಂಶ ಇಳಿದಿತ್ತು, ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದವು, ಖರ್ಚು ಏರಿತ್ತು. ಇದೆಲ್ಲ ನಿಜವೇ, ಅಲ್ಲಗಳೆಯುವಂತಿಲ್ಲ. 1992ರಲ್ಲಿ ಕಂಪೆನಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಯಿತು. ರೋಗ ಗೊತ್ತಾಗಿ ಎಂಟೊಂಬತ್ತು ವರ್ಷ ಕಳೆದರೂ ಸಿಕ್ಕಿದ ಮದ್ದು ಒಂದೇ: 2001ರ ಫೆಬ್ರವರಿ 28ರಂದು ಬೀಗ. ಮೂರೂವರೆ ಸಾವಿರದಷ್ಟು ಜನ ಕೆಲಸ ಕಳೆದುಕೊಂಡರು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ ಅದು.

ಇಲ್ಲಿಯೇ ಕಾರ್ಮಿಕರ ಸಿಟ್ಟಿನ ಬೇರಿದೆ. ಕೆಲಸ ಹೋಯಿತೆಂಬ ಸಿಟ್ಟಿಗಿಂತ ದೊಡ್ಡದು, ಕೆಲಸ ಬಲ್ಲ ನಮ್ಮನ್ನು ಯಾರೂ ಕೇಳಲಿಲ್ಲವಲ್ಲ ಎಂಬುದು. ಯಾವ ಹಂತದಲ್ಲಿ ಬಂಡೆ ಸಿಡಿಯುತ್ತದೆ, ಅದಿರಿನ ಎಳೆ ಎಲ್ಲಿ ತೆಳುವಾಗಿ ಎಲ್ಲಿ ಮತ್ತೆ ದಪ್ಪಗಾಗುತ್ತದೆ ಎಂಬುದನ್ನು ಕೈಬೆರಳಿನಿಂದ ಬಲ್ಲವರು ಇವರು. ನಿರ್ಧಾರ ತೆಗೆದುಕೊಂಡವರು ದಿಲ್ಲಿಯಲ್ಲಿ ಕಾಗದ ಬಲ್ಲವರು. ಸಂಘಗಳು ಹೈಕೋರ್ಟಿಗೆ ಹೋದವು. ಗಣಿಯನ್ನು ನಾವೇ ನಡೆಸುತ್ತೇವೆ, ನಮಗೇ ಕೊಡಿ ಎಂದೂ ಕೇಳಿದವು. 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಟ್ಟಿತು. ಅಷ್ಟು ಹೊತ್ತಿಗೆ ಪಂಪುಗಳು ನಿಂತು ಗಣಿಗಳ ಹೊಟ್ಟೆಯಲ್ಲಿ ನೀರು ತುಂಬಿತ್ತು. ಈ ಹನ್ನೆರಡು ವರ್ಷಗಳಲ್ಲಿ ಕೊಡಲಿ ಎತ್ತಲು ಯಾರ ಕುತ್ತಿಗೆಯೂ ಸಿಗಲಿಲ್ಲ. ಪ್ರತಿ ಬಾಗಿಲಲ್ಲೂ ಇನ್ನೊಂದು ಬಾಗಿಲು ತೋರಿಸುವ ಗುಮಾಸ್ತನಿದ್ದ, ಅಷ್ಟೇ.

ಪ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' 2024ರಲ್ಲಿ ಬಂದಾಗ ನಮಗೆ ಸ್ವಲ್ಪ ಆಸೆ ಹುಟ್ಟಿತ್ತು. ಅಲ್ಲಿ ಜಾತಿಯಿದೆ, ನೆಲ ಕಳೆದುಕೊಂಡವರ ಹಸಿವಿದೆ, ಚಿನ್ನ ಹುಡುಕಲು ಹೊರಟ ಬಿಳಿಯನಿದ್ದಾನೆ. ಮಾಯ-ಮಂತ್ರದ ಅಬ್ಬರ ಜಾಸ್ತಿಯಾದರೂ ಅದು ಹಸಿದವರ ಪಕ್ಕದಲ್ಲಿ ನಿಂತು ಕಥೆ ಹೇಳುತ್ತದೆ. ಆದರೆ ಅದೂ ಆರಂಭದ ಕಥೆಯೇ. ಅಗೆಯಲು ಬಂದವರ ಮೇಲೆ ಸಿನಿಮಾ ಆಗಬಹುದು. ಇನ್ನು ಅಗೆಯಬೇಡಿ, ಮನೆಗೆ ಹೋಗಿ ಎನ್ನಿಸಿಕೊಂಡವರ ಮೇಲೆ ಅಷ್ಟೇ ದೊಡ್ಡದೊಂದು ಚಿತ್ರ ಯಾಕೆ ಆಗಬಾರದು?

ಸಿನಿಮಾದವರನ್ನೇ ಏಕೆ ಅನ್ನಬೇಕು? 2001ರಲ್ಲಿ ನಾವು ಇಪ್ಪತ್ತರ ಆಸುಪಾಸಿನಲ್ಲಿದ್ದೆವು. ಉರ್ದು ಶಾಲೆಯಿಂದ ಕನ್ನಡಕ್ಕೆ ದಾಟಿ, ಕಥೆ ಬರೆಯುವ ಹುರುಪಿನಲ್ಲಿದ್ದವರು. ಭಾಷೆಯ ಅಂಚಿನಲ್ಲಿ ಬದುಕುವುದೆಂದರೆ ಏನೆಂದು ನಮಗೆ ಯಾರೂ ಕಲಿಸಬೇಕಿರಲಿಲ್ಲ. ಆದರೂ ಆ ಊರನ್ನು 'ತಮಿಳರ ಊರು' ಎಂದು ಪಕ್ಕಕ್ಕಿಟ್ಟುಬಿಟ್ಟೆವು. ಜಾಗತೀಕರಣದ ಬಗ್ಗೆ ವಿಚಾರಸಂಕಿರಣಗಳಲ್ಲಿ ಗಂಟೆಗಟ್ಟಲೆ ಮಾತಾಡಿದೆವು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ಇನ್ನೊಂದು ರೈಲು ಹತ್ತಲಿಲ್ಲ. ಬೀಗ ಬಿದ್ದ ಮೇಲೆ ಆ ಮನೆಗಳ ಮಕ್ಕಳು ಬೆಳಗಿನ ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯತೊಡಗಿದರು, ರಾತ್ರಿ ಮರಳತೊಡಗಿದರು. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲೇ. ಅದರ ಮೇಲೆ ನಾವು ಒಂದೇ ಒಂದು ಕಥೆಯನ್ನೂ ಬರೆದಿಲ್ಲ.

ಆ ಹಿರಿಯರ ಜೊತೆಗಿನ ಮಾತು ಸಿನಿಮಾದ ಚಿತ್ರೀಕರಣಕ್ಕೆ ಬಂತು. ಕೆಲವು ದೃಶ್ಯಗಳನ್ನು ಅಲ್ಲಿನ ಸಯನೈಡ್ ದಿಬ್ಬಗಳಲ್ಲೇ ತೆಗೆದಿದ್ದಾರೆ. ಚಿನ್ನ ತೆಗೆದು ಉಳಿದ ಪುಡಿಮಣ್ಣು ತಲೆಮಾರುಗಳ ಕಾಲ ಗುಡ್ಡವಾಗಿ ಬಿದ್ದ ಜಾಗವದು. ತೆರೆಯ ಮೇಲೆ ಅದು ಯಾವುದೋ ಮರುಭೂಮಿಯಂತೆ ಭವ್ಯವಾಗಿ ಕಾಣುತ್ತದೆ ಎಂದೆವು. "ಹೌದು ಭಾಯ್, ದೂರದಿಂದ ಚೆನ್ನಾಗಿರತ್ತೆ" ಎಂದರು. "ಗಾಳಿ ಬೀಸಿದ ದಿನ ಊಟದ ತಟ್ಟೆ ಮುಚ್ಚಿ ಇಡ್ಬೇಕು." ಅಷ್ಟರಲ್ಲಿ ಬಂಗಾರಪೇಟೆ ಬಂತು, ಅವರು ಚೀಲ ಹೆಗಲಿಗೇರಿಸಿ ಇಳಿದರು.