ಎಂಟುನೂರು ಯಾತ್ರಿಕರು ಮತ್ತು ಹದಿನಾರು ಅಂಕದ ಪ್ರಶ್ನೆ

ಇಂಗ್ಲಿಷ್ ಸಾಹಿತ್ಯದ ಪರೀಕ್ಷೆ ಹತ್ತಿರ ಬಂದಂತೆ ವಿದ್ಯಾರ್ಥಿಗಳ ಕೈಯಿಂದ ಕಾದಂಬರಿ ಜಾರಿ ಗೈಡು ಬಂದು ಕೂರುತ್ತದೆ. ಜೋಸೆಫ್ ಕಾನ್ರಾಡ್‌ನ 'ಲಾರ್ಡ್ ಜಿಮ್' (1900) ಪಠ್ಯವಾಗಿದ್ದರೆ ಹದಿನಾರು ಅಂಕಕ್ಕೆ ಏನು ಕೇಳುತ್ತಾರೆಂದು ಮೊದಲೇ ಹೇಳಿಬಿಡಬಹುದು: ಜಿಮ್‌ನ ಪಾಪಪ್ರಜ್ಞೆ, ಅವನು ಕಳೆದುಕೊಂಡ ಮಾನ, ಮಾರ್ಲೋನ ನಿರೂಪಣೆಯ ತಂತ್ರ. ಜಿಮ್ ಹಡಗಿನಿಂದ ಹಾರಿದ ಎಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಆ ಹಡಗಿನಲ್ಲಿ ಯಾರಿದ್ದರು ಎಂದು ಕೇಳಿದರೆ ತಡವರಿಸುತ್ತಾರೆ.

'ಪಟ್ನಾ' ಹಡಗಿನಲ್ಲಿದ್ದವರು ಹಜ್‌ಗೆ ಹೊರಟ ಎಂಟುನೂರು ಮುಸ್ಲಿಮರು. ಹಡಗು ಮುಳುಗುತ್ತದೆಂದು ಹೆದರಿದ ಬಿಳಿಯ ಅಧಿಕಾರಿಗಳು ಮಲಗಿದ್ದ ಜನರನ್ನು ಎಬ್ಬಿಸದೆಯೇ ದೋಣಿ ಇಳಿಸಿ ಪಾರಾಗುತ್ತಾರೆ. ಹಡಗು ಮುಳುಗುವುದಿಲ್ಲ. ಇದು ಬರೀ ಕಲ್ಪನೆಯಲ್ಲ. 1880ರ ಆಗಸ್ಟ್‌ನಲ್ಲಿ 'ಜೆದ್ದಾ' ಎಂಬ ಹಡಗಿನ ಕ್ಯಾಪ್ಟನ್ ಮತ್ತು ಅಧಿಕಾರಿಗಳು ಒಂಬೈನೂರಕ್ಕೂ ಹೆಚ್ಚು ಯಾತ್ರಿಕರನ್ನು ನಡುಗಡಲಿನಲ್ಲಿ ಬಿಟ್ಟು ಏಡನ್ ಸೇರಿ, ಹಡಗು ಮುಳುಗಿತೆಂದು ವರದಿ ಕೊಟ್ಟಿದ್ದರು. ಆ ಸುದ್ದಿ ಹಳತಾಗುವ ಮೊದಲೇ ಇನ್ನೊಂದು ಹಡಗು 'ಜೆದ್ದಾ'ವನ್ನು ಯಾತ್ರಿಕರ ಸಮೇತ ಅದೇ ಬಂದರಿಗೆ ಎಳೆದು ತಂದಿತು!

ಕಾದಂಬರಿಯಲ್ಲಿ ಈ ಎಂಟುನೂರು ಜನ ಒಂದು ಗುಂಪು ಅಷ್ಟೇ. ಅವರಲ್ಲಿ ಒಬ್ಬನ ದನಿ ಮಾತ್ರ ಕತ್ತಲಲ್ಲಿ ಜಿಮ್‌ನನ್ನು ತಡೆಯುತ್ತದೆ. ಅವನ ಮಗುವಿಗೆ ಹುಷಾರಿಲ್ಲ, ಅವನು ಕೇಳುವುದು ನೀರು. ಜಿಮ್ ಕೈಯಲ್ಲಿದ್ದ ದೀಪದಿಂದ ಅವನಿಗೆ ಹೊಡೆಯುತ್ತಾನೆ, ಆಮೇಲೆ ತನ್ನ ನೀರಿನ ಬಾಟಲಿ ಕೊಡುತ್ತಾನೆ. ಜಿಮ್‌ನ 'ಮಾನ'ದ ಬಗ್ಗೆ ಇಡೀ ಉತ್ತರವನ್ನು ಈ ಒಂದು ದೃಶ್ಯದ ಮೇಲೆ ಬರೆಯಬಹುದು. ಗೈಡುಗಳಿಗೆ ಇದು ಬೇಡ.

ಕಾನ್ರಾಡ್‌ನನ್ನು ಪೂರ್ತಿ ದೂರುವುದೂ ನ್ಯಾಯವಲ್ಲ. ಚುಕ್ಕಾಣಿ ಹಿಡಿದ ಇಬ್ಬರು ಮಲಾಯಿಗಳು ಕದಲಲಿಲ್ಲ ಎಂಬುದನ್ನು ಅವನು ಮರೆಯದೆ ಹೇಳಿದ್ದಾನೆ. ಆದರೆ ಪಟುಸಾನ್‌ನ ಭಾಗಕ್ಕೆ ಬಂದಾಗ ಅವನ ಕಣ್ಣೂ ಮಂಜಾಗುತ್ತದೆ. ಅಲ್ಲಿಯ ಮುಸ್ಲಿಮರಿಗೆ ಜಿಮ್ 'ತುವಾನ್', ಒಡೆಯ. ಧರ್ಮದ ಹೆಸರಿನಲ್ಲಿ ಜನರನ್ನು ಕೆರಳಿಸುವ ಶರೀಫ್ ಅಲಿ ಖಳ. ಜಿಮ್ ಒಬ್ಬ ಬಿಳಿಯ ದರೋಡೆಕೋರನ ಮಾತು ನಂಬಿದ್ದರಿಂದ ಡೊರಾಮಿನ್‌ನ ಒಬ್ಬನೇ ಮಗ ದೈನ್ ವಾರಿಸ್ ಸಾಯುತ್ತಾನೆ. ಜಿಮ್‌ನ ಕೊನೆಯನ್ನು ಪ್ರಾಯಶ್ಚಿತ್ತವೆಂದು ಬರೆದರೆ ಅಂಕ ಬರುತ್ತದೆ. ಮಗನನ್ನು ಕಳೆದುಕೊಂಡ ಆ ಮುದಿ ತಂದೆಯ ಕಡೆಯಿಂದ ಬರೆದರೆ?

ಇ.ಎಂ. ಫಾರ್ಸ್ಟರ್‌ನ 'ಎ ಪ್ಯಾಸೇಜ್ ಟು ಇಂಡಿಯಾ' (1924) ಕಾದಂಬರಿಗೂ ಇದೇ ಗತಿ. ಮಸೀದಿ, ಗುಹೆ, ದೇವಾಲಯ ಎಂದು ಮೂರು ಭಾಗಗಳಿದ್ದರೂ ಪರೀಕ್ಷೆಗೆ ಓದುವುದು ಗುಹೆಯನ್ನು ಮಾತ್ರ. ಈ ಕೃತಿ ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ ರಾಸ್ ಮಸೂದರಿಗೆ ಅರ್ಪಿತವಾಗಿದೆ. 1906ರಲ್ಲಿ ಅವರಿಗೆ ಲ್ಯಾಟಿನ್ ಕಲಿಸಲು ಹೋದ ಫಾರ್ಸ್ಟರ್ ಅವರ ಗೆಳೆಯನಾದ. ಡಾ. ಅಜೀಜ್‌ನ ಕಾವ್ಯದ ಹುಚ್ಚು, ಬೇಗನೆ ನೊಂದುಕೊಳ್ಳುವ ಮನಸ್ಸು, ಮಸೀದಿಯಲ್ಲಿ ಚಪ್ಪಲಿ ಕಳಚಿಟ್ಟು ಬಂದ ಮುದುಕಿ ಶ್ರೀಮತಿ ಮೂರ್ ಮೇಲೆ ಅವನಿಗೆ ಹುಟ್ಟುವ ಪ್ರೀತಿ, ಇವೆಲ್ಲ ಆ ಗೆಳೆತನವನ್ನು ತಿಳಿದು ಓದಿದಾಗ ಬೇರೆಯೇ ಆಗಿ ಕಾಣುತ್ತವೆ.

ಪರೀಕ್ಷೆಗೆ ಒಂದೇ ರಾತ್ರಿ ಉಳಿದವರು 'ಲಾರ್ಡ್ ಜಿಮ್'ನ ವಿಚಾರಣೆಯ ಭಾಗವನ್ನಾದರೂ ತೆರೆಯಲಿ. ಅಲ್ಲಿ ಚುಕ್ಕಾಣಿ ಹಿಡಿದಿದ್ದ ಮುದುಕ ಸಾಕ್ಷಿ ಹೇಳುತ್ತಾನೆ. ಬಿಳಿಯರು ಪ್ರಾಣಭಯದಿಂದ ಓಡಿದರೆಂದು ಅವನು ಈಗಲೂ ನಂಬುವುದಿಲ್ಲ, ಏನೋ ಗುಟ್ಟಿನ ಕಾರಣ ಇದ್ದಿರಬೇಕು ಎನ್ನುತ್ತಾನೆ.